ಮನೆಯ ಪಂಚಾಂಗದಿಂದಲೇ ಚೀನೀ ಹಬ್ಬಗಳ ದಿನ ಗುರುತಿಸುವ ಬಗೆ

ಚೀನೀ ಹೊಸ ವರ್ಷ 2025ರಲ್ಲಿ ಜನವರಿ 29ರಂದು, 2026ರಲ್ಲಿ ಫೆಬ್ರವರಿ 17ರಂದು, 2027ರಲ್ಲಿ ಫೆಬ್ರವರಿ 6ರಂದು. ಯುಗಾದಿಯ ದಿನಾಂಕ ವರ್ಷವರ್ಷವೂ ಹಿಂದುಮುಂದಾಗುವುದನ್ನು ಕಂಡ ನಮಗೆ ಇದು ವಿಚಿತ್ರವೆನಿಸಬೇಕಿಲ್ಲ. ಅಲ್ಲಿಯ ಸಾಂಪ್ರದಾಯಿಕ ಪಂಚಾಂಗವೂ ತಿಂಗಳನ್ನು ಚಂದ್ರನಿಂದ ಎಣಿಸಿ, ವರ್ಷವನ್ನು ಸೂರ್ಯನಿಗೆ ಹೊಂದಿಸುತ್ತದೆ. ಹಾಗಾಗಿ ಸಿಂಗಪುರದಲ್ಲಿ ನೆಲೆಸಿದ ಕನ್ನಡಿಗರಾಗಲಿ, ಚೀನಾದಿಂದ ಸರಕು ತರಿಸುವ ವ್ಯಾಪಾರಿಗಳಾಗಲಿ ಸೂರ್ಯ ಚಂದ್ರರ ನಿಜವಾದ ಸ್ಥಾನಕ್ಕೆ ಹೊಂದುವ ಒಂದು ದೃಗ್ಗಣಿತ ಪಂಚಾಂಗವನ್ನು ಇಟ್ಟುಕೊಂಡು ಈ ದಿನಗಳನ್ನು ತಾವೇ ಲೆಕ್ಕ ಹಾಕಬಹುದು. ಹಳೆಯ ಸೂತ್ರಗಳಿಂದ ಲೆಕ್ಕ ಹಾಕುವ ಸೂರ್ಯಸಿದ್ಧಾಂತದ ಪಂಚಾಂಗ ಮಾತ್ರ ಈ ಕೆಲಸಕ್ಕೆ ಬೇಡ. ಅದರಲ್ಲಿ ತಿಥಿಯ ಅಂತ್ಯಕಾಲ ಕೆಲವು ಗಂಟೆಗಳಷ್ಟು ವ್ಯತ್ಯಾಸವಾಗಬಹುದು.

ಮೊದಲು ತಿಂಗಳ ಒಂದನೆಯ ದಿನವನ್ನು ಹುಡುಕಬೇಕು. ನಮ್ಮಲ್ಲಿ ಸೂರ್ಯೋದಯದ ತಿಥಿಯೇ ದಿನದ ತಿಥಿ. ಚೀನಾದಲ್ಲಿ ಹಾಗಲ್ಲ, ಸೂರ್ಯ ಚಂದ್ರರು ಕೂಡುವ ಗಳಿಗೆ, ಅಂದರೆ ಅಮಾವಾಸ್ಯೆ ಮುಗಿಯುವ ಗಳಿಗೆ, ಬೀಜಿಂಗ್ ಸಮಯದ ಪ್ರಕಾರ ಯಾವ ದಿನಾಂಕದಲ್ಲಿ ಬೀಳುತ್ತದೋ ಅದೇ ತಿಂಗಳ ಮೊದಲ ದಿನ. ಬೀಜಿಂಗ್ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಆದ್ದರಿಂದ ಅಮಾವಾಸ್ಯೆ ನಮ್ಮಲ್ಲಿ ರಾತ್ರಿ 9:30ರೊಳಗೆ ಮುಗಿದರೆ ಅದೇ ದಿನಾಂಕವನ್ನೂ, ಆಮೇಲೆ ಮುಗಿದರೆ ಮರುದಿನವನ್ನೂ ಹಿಡಿಯಬೇಕು. 2026ರ ಫೆಬ್ರವರಿ 17ರಂದು ಮಾಘ ಬಹುಳ ಅಮಾವಾಸ್ಯೆ ಸಂಜೆ ಐದೂವರೆಯ ಹೊತ್ತಿಗೆ ಮುಗಿಯುತ್ತದೆ; ಆಗ ಬೀಜಿಂಗ್‌ನಲ್ಲಿ ರಾತ್ರಿ ಎಂಟು ಗಂಟೆ. ನಮಗೆ ಪಾಡ್ಯ 18ಕ್ಕೆ, ಅವರಿಗೆ ಹೊಸ ವರ್ಷ 17ಕ್ಕೇ.

ಆ ತಿಂಗಳು ಎಷ್ಟನೆಯದೆಂದು ತಿಳಿಯುವುದು ಇನ್ನೊಂದು ಕೆಲಸ. ಸಾಮಾನ್ಯವಾಗಿ ಫೆಬ್ರವರಿ 18 ಅಥವಾ 19ಕ್ಕೆ ಸಾಯನ ಸೂರ್ಯ, ಅಂದರೆ ಮಾರ್ಚ್‌ನ ವಿಷುವದಿಂದ ಅಳೆದ ಸೂರ್ಯನ ಸ್ಥಾನ, 330 ಅಂಶವನ್ನು (ಡಿಗ್ರಿ) ಮುಟ್ಟುತ್ತದೆ; ಆ ದಿನವನ್ನು ಒಳಗೊಂಡ ತಿಂಗಳೇ ಮೊದಲನೆಯದು. ಅದು ನಮ್ಮ ಮಾಘವೇ ಎಂದು ನಂಬಿ ಕೂರುವಂತಿಲ್ಲ. 2025ರಲ್ಲಿ ಮಾಘವಾಗಿದ್ದದ್ದು 2026ರಲ್ಲಿ ಫಾಲ್ಗುಣಕ್ಕೆ ಸರಿಯಿತು, ಏಕೆಂದರೆ ಚೀನಾದವರು 2025ರಲ್ಲಿಯೇ ಆರನೆಯ ತಿಂಗಳ ನಂತರ ಅಧಿಕಮಾಸವನ್ನು ಸೇರಿಸಿದರು, ನಮಗೆ ಅಧಿಕ ಜ್ಯೇಷ್ಠ ಬರುವುದು 2026ರಲ್ಲಿ. ಇಬ್ಬರದೂ ಒಂದೇ ತತ್ತ್ವ, ಸಂಕ್ರಮಣವಿಲ್ಲದ ತಿಂಗಳೇ ಅಧಿಕ. ಆದರೆ ಅವರು ಸಾಯನ ಸಂಕ್ರಮಣವನ್ನು ನೋಡುತ್ತಾರೆ, ನಾವು ನಕ್ಷತ್ರಗಳಿಂದ ಅಳೆಯುವ ನಿರಯನವನ್ನು. ಇನ್ನೊಂದು ಎಚ್ಚರಿಕೆ: ನಮ್ಮಲ್ಲಿ ಅಧಿಕ ಮೊದಲು, ನಿಜ ಆಮೇಲೆ. ಅಲ್ಲಿ ನಿಜವಾದದ್ದು ಮೊದಲು ಬಂದು, ಅಧಿಕವು ಅದೇ ಸಂಖ್ಯೆಯನ್ನು ಹೊತ್ತು ಹಿಂದೆ ಬರುತ್ತದೆ. ಹಬ್ಬಗಳನ್ನು ಆಚರಿಸುವುದು ಮೊದಲಿನದರಲ್ಲಿ.

ಇಷ್ಟಾದ ಮೇಲೆ ಉಳಿದದ್ದು ಬೆರಳೆಣಿಕೆ. ಮೊದಲ ತಿಂಗಳ 15 ದೀಪಗಳ ಹಬ್ಬ, ಐದನೆಯ ತಿಂಗಳ 5 ಡ್ರ್ಯಾಗನ್ ದೋಣಿಯ ಹಬ್ಬ, ಎಂಟನೆಯ ತಿಂಗಳ 15 ಮಧ್ಯ ಶರತ್ಕಾಲದ ಹಬ್ಬ, ಒಂಬತ್ತನೆಯ ತಿಂಗಳ 9 ಹಿರಿಯರನ್ನು ಗೌರವಿಸುವ ಚೋಂಗ್‌ಯಾಂಗ್. 2026ರ ಎಂಟನೆಯ ತಿಂಗಳು ಸೆಪ್ಟೆಂಬರ್ 11ಕ್ಕೆ ಆರಂಭವಾಗುವುದರಿಂದ ಮಧ್ಯ ಶರತ್ಕಾಲದ ಹಬ್ಬದ ತಿನಿಸಾದ ಮೂನ್‌ಕೇಕ್ ಹಂಚುವ ದಿನ ಸೆಪ್ಟೆಂಬರ್ 25. ಚಂದ್ರ ಪೂರ್ಣನಾಗುವುದು ಒಂದೆರಡು ದಿನ ತಡವಾದರೂ ಹಬ್ಬ ಹದಿನೈದಕ್ಕೇ. ಅಲ್ಲಿ ಲೆಕ್ಕಕ್ಕೆ ಬರುವುದು ದಿನದ ಸಂಖ್ಯೆ.

ಪೂರ್ವಜರ ಸಮಾಧಿಗಳನ್ನು ಶುಚಿಗೊಳಿಸಿ ನಮಿಸುವ ಚಿಂಗ್‌ಮಿಂಗ್‌ಗೆ ಚಂದ್ರನನ್ನು ನೋಡುವ ಅಗತ್ಯವೇ ಇಲ್ಲ. ನಮ್ಮ ಮಕರ ಸಂಕ್ರಾಂತಿಯಂತೆ ಅದು ಸೂರ್ಯನ ಹಬ್ಬ. ಈಗಿನ ವರ್ಷಗಳಲ್ಲಿ ಏಪ್ರಿಲ್ 4 ಅಥವಾ 5ಕ್ಕೆ ಬರುತ್ತದೆ. ವ್ಯಾಪಾರದ ಸಲುವಾಗಿ ಲೆಕ್ಕ ಹಾಕುವವರು ಹೊಸ ವರ್ಷದ ಹಿಂದಿನ ದಿನವನ್ನೂ ಗುರುತು ಹಾಕಿಕೊಳ್ಳಬೇಕು. ಆ ರಾತ್ರಿ ಇಡೀ ಕುಟುಂಬ ಒಟ್ಟಿಗೆ ಕುಳಿತು ಊಟ ಮಾಡುವುದರಿಂದ, ದೂರದ ಊರುಗಳ ಕಾರ್ಖಾನೆಗಳಲ್ಲಿ ದುಡಿಯುವವರು ಅದಕ್ಕೂ ಎಷ್ಟೋ ದಿನ ಮೊದಲೇ ಮನೆಯ ದಾರಿ ಹಿಡಿದಿರುತ್ತಾರೆ.