ರಾತ್ರಿ ಒಂದು ಗಂಟೆಗೆ, ಟೇಪು ಹಿಡಿದು ಟೆರೇಸ್ ಮೇಲೆ

ನಾನು ಓದಿದ್ದು ಐಟಿಐ, ಎಲೆಕ್ಟ್ರಿಷಿಯನ್ ಟ್ರೇಡ್. ಊರು ತಿಪಟೂರು ಕಡೆ. ಹತ್ತೊಂಬತ್ತು ವರ್ಷದಿಂದ ಬೆಂಗಳೂರಿನಲ್ಲಿ ಕಟ್ಟಡಗಳ ಮೇಂಟೆನೆನ್ಸ್ ಕೆಲಸ ಮಾಡುತ್ತಿದ್ದೇನೆ. ಈಗಿರುವ ಅಪಾರ್ಟ್‌ಮೆಂಟಿನಲ್ಲಿ ಮೂರು ಬ್ಲಾಕು, 84 ಮನೆ. ಕಟ್ಟಿ ಮುಗಿಸಿದ್ದು 2008ರಲ್ಲಿ. ಎಲ್ಲವೂ ಹಳೆಯದು: ಪಂಪು, ಪೈಪು, ಕೊಳಚೆ ನೀರು ಶುದ್ಧ ಮಾಡುವ ಘಟಕ (ಎಸ್‌ಟಿಪಿ), ಪಾರ್ಕಿಂಗಿನ ಟ್ಯೂಬ್‌ಲೈಟು.

2024ರ ಮಾರ್ಚ್ ಯಾರಿಗೆ ನೆನಪಿಲ್ಲ ಹೇಳಿ. ಬೋರ್‌ವೆಲ್ ಕೈ ಕೊಟ್ಟಿತ್ತು. ಟ್ಯಾಂಕರ್‌ನವರು ಫೋನ್ ಎತ್ತುತ್ತಿರಲಿಲ್ಲ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಆ ವಾರ ನಮ್ಮ ಕಮಿಟಿ ಮೀಟಿಂಗ್ ನಡೆಯಿತು. ಒಬ್ಬರು ಸೋಲಾರ್ ಪ್ಯಾನೆಲ್ ಹಾಕಿಸೋಣ ಅಂದರು. ಇನ್ನೊಬ್ಬರು ಹೊಸ ಎಸ್‌ಟಿಪಿಗೆ ಕೊಟೇಶನ್ ತಂದಿದ್ದರು. ಕಟ್ಟಡ ಗ್ರೀನ್ ಆಗಬೇಕು ಅನ್ನುವ ಆಸೆ ಎಲ್ಲರಿಗೂ ಇತ್ತು. ನಾನು ಕಾರ್ಯದರ್ಶಿ ಮೇಡಂಗೆ ಒಂದೇ ಮಾತು ಹೇಳಿದೆ. "ಮೂರು ತಿಂಗಳು ಏನೂ ಕೊಳ್ಳೋದು ಬೇಡ ಮೇಡಂ. ಇರೋದು ಹೇಗೆ ನಡೀತಿದೆ ಅಂತ ಮೊದಲು ನೋಡ್ತೀನಿ." ಅವರು ಸ್ವಲ್ಪ ಹೊತ್ತು ಯೋಚಿಸಿ ಆಗಲಿ ಅಂದರು.

ನನ್ನ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ. ಈ ಕಟ್ಟಡಕ್ಕೆ ಬೇಕಾದ ಸಿಮೆಂಟು, ಕಬ್ಬಿಣ, ಇಟ್ಟಿಗೆ ಎಲ್ಲ ಯಾವತ್ತೋ ಸುಟ್ಟು ಕರಗಿಸಿ ತಂದಾಗಿದೆ. ಅದಕ್ಕೆ ಆದ ಹೊಗೆ ಆಗಿಹೋಗಿದೆ. ಇನ್ನು ನಮ್ಮ ಕೈಯಲ್ಲಿರುವುದು ಅದನ್ನು ದಿನಾ ಹೇಗೆ ನಡೆಸುತ್ತೇವೆ ಅನ್ನುವುದು ಮಾತ್ರ.

ಮೊದಲು ಮಾಡಿದ್ದು ಲಾಗ್‌ಬುಕ್. ಪುಸ್ತಕ ಮೊದಲೂ ಇತ್ತು. ಆದರೆ ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ, ಒಂದೇ ಕೂತಿನಲ್ಲಿ ತುಂಬಿದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಅದರಲ್ಲಿ ಹುಡುಗರ ತಪ್ಪಿಲ್ಲ. ಬರೆದದ್ದನ್ನು ಯಾರೂ ನೋಡದಿದ್ದರೆ ಯಾಕೆ ಬರೆಯುತ್ತಾರೆ? ಬೋರ್‌ವೆಲ್ ಲೈನಿಗೆ ಮೀಟರೇ ಇರಲಿಲ್ಲ, ಹಾಕಿಸಿದೆವು. ಪಂಪ್ ಪ್ಯಾನಲ್‌ಗೂ ಎಸ್‌ಟಿಪಿಗೂ ಒಂದೊಂದು ಸಣ್ಣ ಕರೆಂಟ್ ಮೀಟರ್ ಹಾಕಿಸಿದೆವು. ದಿನಾ ಬೆಳಗ್ಗೆ ಆರು ಗಂಟೆಗೆ ರೀಡಿಂಗ್. ಸಂಜೆ ನಾನು ಕೂತು ನೋಡುತ್ತಿದ್ದೆ, ಏನಾದರೂ ಏರುಪೇರು ಕಂಡರೆ ಬರೆದವರನ್ನೇ ಕರೆದು ಕೇಳುತ್ತಿದ್ದೆ.

ಹದಿನೈದು ದಿನದಲ್ಲಿ ಒಂದು ಲೆಕ್ಕ ಸಿಕ್ಕಿತು. ದಿನಕ್ಕೆ ಸುಮಾರು 52,000 ಲೀಟರ್ ನೀರು ಹೋಗುತ್ತಿದೆ. ನಮ್ಮಲ್ಲಿರುವುದು 270 ಜನ. ಅಂದರೆ ತಲೆಗೆ 190 ಲೀಟರ್ ಮೇಲೆ. ನಗರದಲ್ಲಿ ತಲೆಗೆ 135 ಲೀಟರ್ ಸಾಕು ಅನ್ನುವುದು ಎಲ್ಲರೂ ಬಳಸುವ ಲೆಕ್ಕ. ಟ್ಯಾಂಕರ್‌ಗೆ ಪರದಾಡುತ್ತಿದ್ದ ಬೇಸಿಗೆಯಲ್ಲೂ ನಾವು ಇಷ್ಟು ಬಳಸುತ್ತಿದ್ದೆವು ಅಂದರೆ, ಬಳಸುತ್ತಿದ್ದದ್ದು ಜನ ಅಲ್ಲ ಅಂತ ನನಗೆ ಅನುಮಾನ ಬಂತು.

ಅನುಮಾನ ಪರಿಹಾರಕ್ಕೆ ರಾತ್ರಿಯೇ ಸರಿ. ರಾತ್ರಿ ಒಂದರಿಂದ ನಾಲ್ಕರವರೆಗೆ ಮನೆಗಳಲ್ಲಿ ನೀರು ಬಳಸುವುದು ತೀರಾ ಕಡಿಮೆ. ಆ ಹೊತ್ತಿನಲ್ಲಿ ಟ್ಯಾಂಕಿನ ನೀರು ಇಳಿದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ನಮ್ಮ ಪಂಪ್ ಆಪರೇಟರ್ ಕನಕಪುರ ಕಡೆಯವರು, ನನಗಿಂತ ಹಿರಿಯರು. "ಅಣ್ಣ, ಇವತ್ತು ರಾತ್ರಿ ಜೊತೆಗಿರ್ತೀರಾ?" ಅಂದೆ. "ಇರದೆ ಇನ್ನೇನು ಸಾರ್" ಅಂದರು. ಎಲ್ಲ ಪಂಪು ಆಫ್ ಮಾಡಿ, ಟೇಪು, ಟಾರ್ಚು, ಫ್ಲಾಸ್ಕಿನಲ್ಲಿ ಟೀ ಹಿಡಿದು ಟೆರೇಸ್ ಹತ್ತಿದೆವು. ಒಂದು ಗಂಟೆಗೆ ಮೂರೂ ಓವರ್‌ಹೆಡ್ ಟ್ಯಾಂಕಿನ ಮುಚ್ಚಳ ತೆಗೆದು ನೀರಿನ ಮಟ್ಟ ಅಳೆದು ಗೋಡೆಗೆ ಸೀಮೆಸುಣ್ಣದಲ್ಲಿ ಬರೆದೆವು. ನಾಲ್ಕು ಗಂಟೆಗೆ ಮತ್ತೆ ಅಳೆದೆವು.

ಎ ಬ್ಲಾಕು ಅರ್ಧ ಇಂಚು ಇಳಿದಿತ್ತು. ಸಿ ಬ್ಲಾಕು ಒಂದು ಇಂಚು. ಬಿ ಬ್ಲಾಕು ಮೂರೂವರೆ ಇಂಚು. ನಾನು ಎರಡು ಸಲ ಅಳೆದೆ. ನಮ್ಮ ಟ್ಯಾಂಕು ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ಒಂದು ಇಂಚು ಅಂದರೆ ಸುಮಾರು 280 ಲೀಟರ್. ಮೂರು ಗಂಟೆಯಲ್ಲಿ ಹತ್ತಿರ ಹತ್ತಿರ 1,000 ಲೀಟರ್, ಎಲ್ಲರೂ ಮಲಗಿರುವಾಗ. ಅದೇ ಲೆಕ್ಕದಲ್ಲಿ ದಿನಕ್ಕೆ 8,000 ಲೀಟರ್. ಒಂದು ಸಾಧಾರಣ ಟ್ಯಾಂಕರ್ 6,000 ಲೀಟರ್ ತರುತ್ತದೆ. ನಾವು ಕಾಡಿ ಬೇಡಿ ತರಿಸುತ್ತಿದ್ದ ಟ್ಯಾಂಕರ್ ನೀರು ಹಾಗೆಹಾಗೇ ಚರಂಡಿಗೆ ಹೋಗುತ್ತಿತ್ತು. ಅಣ್ಣ ಟ್ಯಾಂಕಿನ ಅಂಚು ಹಿಡಿದು ಸುಮ್ಮನೆ ನಿಂತುಬಿಟ್ಟರು.

ಎಲ್ಲೂ ಒದ್ದೆ ಇಲ್ಲ, ಗೋಡೆ ನೆನೆದಿಲ್ಲ. ಹಾಗಾದರೆ ನೀರು ಹೋಗುತ್ತಿರುವುದು ಕಮೋಡಿನೊಳಕ್ಕೆ. ಫ್ಲಶ್ ಟ್ಯಾಂಕಿನ ತಳದಲ್ಲಿರುವ ರಬ್ಬರ್ ವಾಷರ್ ಸವೆದರೆ ನೀರು ಸದ್ದಿಲ್ಲದೆ ಇಳಿಯುತ್ತಲೇ ಇರುತ್ತದೆ. ಕಣ್ಣಿಗೂ ಕಾಣದು, ಕಿವಿಗೂ ಕೇಳದು. ಮರುದಿನ ಅಂಗಡಿಯಿಂದ ಕೇಸರಿಬಾತಿಗೆ ಹಾಕುವ ಬಣ್ಣದ ಪುಡಿ ತರಿಸಿದೆ. ಪ್ಲಂಬರ್ ಹುಡುಗನ ಜೊತೆ ಬಿ ಬ್ಲಾಕಿನ ಒಂದೊಂದೇ ಮನೆಗೆ ಹೋದೆ. ಫ್ಲಶ್ ಟ್ಯಾಂಕಿಗೆ ಒಂದು ಚಿಟಿಕೆ ಬಣ್ಣ ಹಾಕುವುದು, ಇಪ್ಪತ್ತು ನಿಮಿಷ ಯಾರೂ ಫ್ಲಶ್ ಮಾಡಬಾರದು ಅಂತ ಹೇಳುವುದು, ಮತ್ತೆ ಬಂದು ನೋಡುವುದು. ಸರಿ ಇದ್ದರೆ ಕೆಳಗಿನ ನೀರು ತಿಳಿಯಾಗೇ ಇರುತ್ತದೆ. ಸೋರುತ್ತಿದ್ದರೆ ಬಿಳಿ ಕಮೋಡಿನ ಹಿಂಭಾಗದಲ್ಲಿ ತೆಳ್ಳಗೆ ಒಂದು ಕೇಸರಿ ಗೆರೆ ಇಳಿದಿರುತ್ತದೆ. ದಾರದಷ್ಟು ಸಣ್ಣದು. ಮೊದಲ ಮನೆಯ ಅಮ್ಮ ಅದನ್ನು ನೋಡಿ, "ಅಯ್ಯೋ, ಇಷ್ಟು ದಿನ ಹೀಗೇ ಹೋಗ್ತಿತ್ತಾ?" ಅಂದರು. ಅವರೇ ಆಮೇಲೆ ನಮ್ಮ ಜೊತೆ ಬಂದು ಪಕ್ಕದ ಮನೆಯವರಿಗೆಲ್ಲ ತಿಳಿಸಿ ಹೇಳಿದರು.

28 ಮನೆಯಲ್ಲಿ 13 ಫ್ಲಶ್ ಟ್ಯಾಂಕ್ ಸೋರುತ್ತಿದ್ದವು. ಅದರಲ್ಲಿ ಒಂದು, ಒಂದು ವರ್ಷದಿಂದ ಬೀಗ ಹಾಕಿದ್ದ ಮನೆ. ಮನೆಯವರು ಅಮೆರಿಕದಲ್ಲಿದ್ದಾರೆ. ಫೋನ್ ಮಾಡಿದರೆ, "ನಮ್ಮ ಮನೇಲಿ ಯಾರೂ ಇಲ್ವಲ್ಲ, ನೀರು ಹೇಗೆ ಹೋಗುತ್ತೆ?" ಅಂದರು. ಸಂಬಂಧಿಕರಿಂದ ಬೀಗ ತೆಗೆಸಿ ವಿಡಿಯೊ ಕಳಿಸಿದೆ. ಯಾರೂ ಇಲ್ಲದ ಮನೆಯಲ್ಲಿ ವರ್ಷವಿಡೀ ನೀರು ಹರಿದಿತ್ತು. ಅವತ್ತಿನಿಂದ ಒಂದು ನಿಯಮ ಮಾಡಿದೆವು. ವಾರಕ್ಕಿಂತ ಜಾಸ್ತಿ ಊರಿಗೆ ಹೋಗುವವರು ಪೈಪುಗಳು ಹಾದುಹೋಗುವ ಡಕ್ಟಿನಲ್ಲಿರುವ ತಮ್ಮ ಮನೆಯ ವಾಲ್ವ್ ಮುಚ್ಚಿಸಿಯೇ ಹೋಗಬೇಕು. ವಾಷರ್ ಬೆಲೆ ನೂರು ರೂಪಾಯಿಯ ಒಳಗೆ. ಮೂರು ಬ್ಲಾಕಿನಲ್ಲೂ ವಾಷರ್ ಹಾಕಿಸಿ, ನಲ್ಲಿಗಳಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಬಿಡುವ ಜಾಲರಿ) ಕೂರಿಸಿ, ಸಂಪು ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ವಾಲ್ವ್ ಬದಲಿಸಿದ ಮೇಲೆ ದಿನದ ಲೆಕ್ಕ 39,000 ಲೀಟರಿಗೆ ಬಂತು. ಯಾರ ಮನೆಗೂ ನೀರು ಕಡಿಮೆ ಬಿಡಲಿಲ್ಲ, ಗೇಟಿನಲ್ಲಿ ಬೋರ್ಡು ಹಾಕಿ ಉಪದೇಶ ಮಾಡಲಿಲ್ಲ.

ನೀರು ಉಳಿಸಿದರೆ ಕರೆಂಟೂ ಉಳಿಯುತ್ತದೆ ಅನ್ನುವುದನ್ನು ನಾನು ಮೀಟಿಂಗಿನಲ್ಲಿ ಲೆಕ್ಕ ಹಾಕಿ ತೋರಿಸಿದೆ. ಕಾವೇರಿ ನೀರು ಜಲಮಂಡಳಿಯ ಪಂಪಿಂಗ್ ಕೇಂದ್ರವಿರುವ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್ ಬರುತ್ತದೆ. ಅದೂ ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ. 1,000 ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸಲು, ಒಂದಿಷ್ಟೂ ನಷ್ಟವಿಲ್ಲದ ಪಂಪ್ ಇದ್ದರೂ 1.36 ಯೂನಿಟ್ ಬೇಕು. ನಿಜವಾದ ಪಂಪಿಗೆ ಇನ್ನೂ ಜಾಸ್ತಿ. ಈ ಕರೆಂಟು ನಮ್ಮ ಬಿಲ್ಲಿನಲ್ಲಿ ಕಾಣುವುದಿಲ್ಲ. ಆದರೆ ಫ್ಲಶ್ ಟ್ಯಾಂಕಿನ ಆ ಕೇಸರಿ ಗೆರೆಯಲ್ಲಿ ಅದೂ ಹರಿದು ಹೋಗುತ್ತಿತ್ತು.

ಆಮೇಲೆ ಪಂಪು. ಅಣ್ಣ ಮೊದಲಿನಿಂದಲೂ ಹೇಳುತ್ತಿದ್ದರು, "ಈ ಮೋಟ್ರು ಮೊದಲು ಹಿಂಗೆ ಕೂಗ್ತಿರಲಿಲ್ಲ ಸಾರ್, ಕಲ್ಲು ಹುರಿದಂಗೆ ಸದ್ದು ಮಾಡ್ತಿದೆ" ಅಂತ. ನಾನು ತಲೆಗೆ ಹಾಕಿಕೊಂಡಿರಲಿಲ್ಲ. ಅದು ನನ್ನ ತಪ್ಪು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಪಂಪಿಗೆ ಎಳೆಯಲು ಸಾಕಷ್ಟು ನೀರು ಸಿಗದಿದ್ದರೆ ಒಳಗೆ ಗುಳ್ಳೆಗಳೆದ್ದು ಒಡೆಯುತ್ತವೆ, ಆ ಸದ್ದು ಅದು. ಟ್ಯಾಂಕ್ ಒಂದು ಅಡಿ ತುಂಬಲು ಎಷ್ಟು ಹೊತ್ತು ಅಂತ ಗಡಿಯಾರ ಹಿಡಿದು ನೋಡಿದೆವು. 15 ನಿಮಿಷ, ಒಂದೂಕಾಲು ಯೂನಿಟ್. 7.5 ಎಚ್‌ಪಿ ಪಂಪಿಗೆ ಇದು ತುಂಬಾ ಜಾಸ್ತಿ. ನೀರು ಎಳೆಯುವ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವ್ ಮೇಲೆತ್ತಿದರೆ ಅದರ ಜಾಲರಿಯ ಮುಕ್ಕಾಲು ಭಾಗ ಪಾಚಿ, ಸುಣ್ಣದ ಪದರದಿಂದ ಮುಚ್ಚಿಹೋಗಿತ್ತು. ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ, ಇಂಪೆಲ್ಲರ್ ಬಿಚ್ಚಿದೆವು. ಅದರ ಅಂಚುಗಳಲ್ಲಿ ಇರುವೆ ಕಚ್ಚಿದ ಹಾಗೆ ಸಣ್ಣ ಸಣ್ಣ ಗುಳಿ. ಬೆರಳಾಡಿಸಿದರೆ ಚುಚ್ಚುತ್ತಿತ್ತು. ಫುಟ್‌ವಾಲ್ವ್ ತೊಳೆದು, ಹೊಸ ಇಂಪೆಲ್ಲರ್ ಹಾಕಿದ ಮೇಲೆ ಅದೇ ಒಂದು ಅಡಿ 8 ನಿಮಿಷದಲ್ಲಿ ತುಂಬಿತು. ಮುಕ್ಕಾಲು ಯೂನಿಟ್ ಚಿಲ್ಲರೆ. ಸದ್ದೂ ನಿಂತಿತು. ಪಂಪ್ ಬದಲಿಸಬೇಕು ಅಂತ ಕೊಟೇಶನ್ ಕೊಟ್ಟಿದ್ದವರೂ ಇದ್ದರು. ಬದಲಿಸಿದ್ದರೂ ಆ ಜಾಲರಿ ಹಾಗೇ ಇರುತ್ತಿತ್ತು, ಹೊಸ ಪಂಪೂ ಹೀಗೇ ಕೂಗುತ್ತಿತ್ತು.

ಲೈಟಿನ ವಿಷಯ ಎಲ್ಲರಿಗೂ ಗೊತ್ತಿರುವುದೇ. ಹಳೆ ಟ್ಯೂಬ್‌ಲೈಟ್ ಚೋಕ್ ಸೇರಿ 50 ವಾಟ್ ತಿನ್ನುತ್ತಿತ್ತು, ಎಲ್‌ಇಡಿ 18 ವಾಟ್. ಕೆಟ್ಟುಹೋದದ್ದನ್ನು ಒಂದೊಂದಾಗಿ ಬದಲಿಸುತ್ತಾ ಬಂದೆವು. ಮೆಟ್ಟಿಲಿಗೆ ಸೆನ್ಸರ್ ಹಾಕಿದಾಗ ಮಾತ್ರ ಒಂದು ಪಾಠ ಆಯಿತು. ವಯಸ್ಸಾದವರಿಗೆ ಕತ್ತಲಿಗೆ ಕಾಲಿಡುವುದೇ ಭಯ, ಲೈಟು ಹತ್ತುವ ಆ ಒಂದು ಕ್ಷಣದಲ್ಲಿ ಮೆಟ್ಟಿಲು ತಪ್ಪಬಹುದು. ಪ್ರತಿ ಮಹಡಿಗೆ ಒಂದು ಸಣ್ಣ ಲೈಟು ರಾತ್ರಿಯಿಡೀ ಉರಿಯಲಿ ಅಂತ ಬಿಟ್ಟೆವು.

ಎಸ್‌ಟಿಪಿಯಲ್ಲಿ ಮಾತ್ರ ನಾನು ಎಡವಿದೆ. ಅಲ್ಲಿ ಕೊಳಚೆ ನೀರಿಗೆ ಗಾಳಿ ಊದುವ 5 ಎಚ್‌ಪಿಯ ಎರಡು ಬ್ಲೋವರ್ ಇವೆ. ಒಂದು ಓಡಬೇಕು, ಇನ್ನೊಂದು ಸ್ಟ್ಯಾಂಡ್‌ಬೈ. ನಮ್ಮಲ್ಲಿ ಎರಡೂ ಹಗಲೂ ರಾತ್ರಿ ಓಡುತ್ತಿದ್ದವು. ಯಾಕೆ ಅಂದರೆ, ಒಂದು ನಿಲ್ಲಿಸಿದರೆ ವಾಸನೆ ಬರುತ್ತದೆ ಅಂದರು ಆಪರೇಟರ್. ಕರೆಂಟ್ ಉಳಿಸುವ ಹುಮ್ಮಸ್ಸಿನಲ್ಲಿ ನಾನು ಟೈಮರ್ ಹಾಕಿ ರಾತ್ರಿ ಐದು ಗಂಟೆ ಎರಡನ್ನೂ ನಿಲ್ಲಿಸಿದೆ. ಮೂರನೇ ದಿನ ಬೆಳಗ್ಗೆ ಕೊಳೆತ ಮೊಟ್ಟೆಯ ವಾಸನೆ. ನೆಲಮಹಡಿಯ ಅಜ್ಜಿ ನನ್ನನ್ನು ಕರೆದು, "ಏನಪ್ಪಾ ಇದು, ಕಿಟಕಿ ತೆಗೆಯೋ ಹಾಗಿಲ್ವಲ್ಲ" ಅಂದರು. ಕೊಳಚೆ ತಿಂದು ನೀರು ಶುದ್ಧ ಮಾಡುವ ಸೂಕ್ಷ್ಮಜೀವಿಗಳಿಗೆ ಗಾಳಿ ಬೇಕು. ಐದು ಗಂಟೆ ಉಸಿರು ಕಟ್ಟಿಸಿದರೆ ಏನಾಗುತ್ತದೆ? ಸರಿಹೋಗಲು ಹತ್ತು ದಿನ ಹಿಡಿಯಿತು. ಮನೆಮನೆಗೂ ಹೋಗಿ ಕ್ಷಮೆ ಕೇಳಿದೆ.

ಆಮೇಲೆ, ಒಂದು ಬ್ಲೋವರ್ ಯಾಕೆ ಸಾಲುತ್ತಿಲ್ಲ ಅಂತ ನೋಡಲು ಶುರು ಮಾಡಿದೆ. ಅದನ್ನು ಮೊದಲೇ ಮಾಡಬೇಕಿತ್ತು. ಗಾಳಿ ಬಿಡುವ ಟ್ಯಾಂಕಿನ ಅಂಚಿನಲ್ಲಿ ನಿಂತು ನೋಡಿದರೇ ಅರ್ಧ ವಿಷಯ ತಿಳಿಯುತ್ತದೆ. ತಳದಲ್ಲಿ ಗಾಳಿಯನ್ನು ಸಣ್ಣ ಗುಳ್ಳೆಯಾಗಿ ಬಿಡುವ ಡಿಫ್ಯೂಸರ್ ಚೆನ್ನಾಗಿದ್ದರೆ ಮೇಲ್ಮೈ ಪೂರ್ತಿ ಸಣ್ಣ ಗುಳ್ಳೆ, ಹಾಲು ಉಕ್ಕುವ ಮೊದಲು ಏಳುತ್ತದಲ್ಲ, ಹಾಗೆ. ನಮ್ಮದರಲ್ಲಿ ಎರಡು ಮೂಲೆಯಲ್ಲಿ ದೊಡ್ಡ ದೊಡ್ಡ ಗುಳ್ಳೆ ಅನ್ನ ಕುದಿದಂತೆ ಕುದಿಯುತ್ತಿತ್ತು, ಉಳಿದ ಕಡೆ ನೀರು ಸತ್ತ ಹಾಗೆ ನಿಂತಿತ್ತು. ಡಿಫ್ಯೂಸರಿನ ರಬ್ಬರ್ ಹರಿದು ಗಾಳಿಯೆಲ್ಲ ಅಲ್ಲೇ ಹೋಗುತ್ತಿತ್ತು. ಇನ್ನೊಂದು, ಅಳತೆ ಜಾಡಿಯ ಪರೀಕ್ಷೆ. ಒಂದು ಲೀಟರ್ ಜಾಡಿಯಲ್ಲಿ ಆ ಟ್ಯಾಂಕಿನ ನೀರು ತುಂಬಿ ಅರ್ಧ ಗಂಟೆ ಅಲುಗಾಡಿಸದೆ ಇಡಬೇಕು. ಕಂದು ಬಣ್ಣದ ಕೆಸರು ಕೆಳಗೆ ಕೂತು ಮೇಲೆ ತಿಳಿ ನೀರು ನಿಲ್ಲಬೇಕು. ಕೆಸರು 300 ಮಿಲಿ ಆಸುಪಾಸು ಇದ್ದರೆ ನೆಮ್ಮದಿ. ನಮ್ಮದು 850ರಲ್ಲಿ ನಿಂತಿತ್ತು. ಕೆಸರಿನ ನೀರು ಹಿಂಡುವ ಫಿಲ್ಟರ್ ಪ್ರೆಸ್ ಓಡಿಸುವುದು ಕೈ ಕೊಳೆಯ ಕೆಲಸ, ಅದಕ್ಕೆ ಹೆಚ್ಚುವರಿ ಕೆಸರನ್ನು ಎಷ್ಟೋ ತಿಂಗಳಿಂದ ಯಾರೂ ತೆಗೆದಿರಲಿಲ್ಲ. ಆ ಕೆಸರಿನಲ್ಲಿರುವುದು ಕೊಳಚೆ ತಿನ್ನುವ ಸೂಕ್ಷ್ಮಜೀವಿಗಳೇ; ತಿನ್ನುವ ಬಾಯಿ ಜಾಸ್ತಿಯಾಗಿ ಎರಡು ಬ್ಲೋವರಿನ ಗಾಳಿಯೂ ಸಾಲುತ್ತಿರಲಿಲ್ಲ.

ಕಮಿಟಿಗೆ ಹೇಳಿ ಆಪರೇಟರಿಗೆ ಕೈಗವಸು, ಗಂಬೂಟು, ಜೊತೆಗೊಬ್ಬ ಸಹಾಯಕ, ಸ್ವಲ್ಪ ಸಂಬಳ ಹೆಚ್ಚಳ ಕೊಡಿಸಿದೆ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಈ ಕೆಲಸ ಮಾಡುವವರನ್ನು ಸರಿಯಾಗಿ ನೋಡಿಕೊಳ್ಳದೆ ಯಾವ ಕಟ್ಟಡವೂ ಸುಧಾರಿಸುವುದಿಲ್ಲ. ಡಿಫ್ಯೂಸರ್ ಬದಲಿಸಿ, ದಿನಾ ಸ್ವಲ್ಪ ಸ್ವಲ್ಪ ಕೆಸರು ತೆಗೆಯುತ್ತಾ ಬಂದಮೇಲೆ ಐದಾರು ವಾರದಲ್ಲಿ ಜಾಡಿ 350ಕ್ಕೆ ಇಳಿಯಿತು. ಈಗ ಒಂದೇ ಬ್ಲೋವರ್, ಪಾಳಿಯ ಮೇಲೆ. ದಿನಕ್ಕೆ 70 ಯೂನಿಟ್ ಸುತ್ತಮುತ್ತ ಉಳಿತಾಯ. ವಾಸನೆ ಇಲ್ಲ. ಶುದ್ಧವಾದ ನೀರು ಗಿಡಗಳಿಗೆ, ಪಾರ್ಕಿಂಗ್ ತೊಳೆಯಲು. ಒಣಗಿದ ಕೆಸರು ಸಂಪಿಗೆ ಮರದ ಬುಡಕ್ಕೆ.

ಟೆರೇಸಿನ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಎಲ್ಲರೂ ಮರೆಯುತ್ತಾರೆ. ಮಳೆನೀರು ಇಳಿಯುವ ಪೈಪಿನ ಬಾಯಿಯಲ್ಲಿ ಎಲೆ, ಪಾರಿವಾಳದ ಪುಕ್ಕ ಸಿಕ್ಕಿಕೊಂಡರೆ ಅಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು ಸ್ಲ್ಯಾಬಿಗೆ ಇಳಿಯುತ್ತದೆ, ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟ್ ಒಡೆಯುತ್ತದೆ. ಆಮೇಲೆ ಮತ್ತೆ ಸಿಮೆಂಟು, ಮತ್ತೆ ಲಕ್ಷಗಳ ಖರ್ಚು. ಏಪ್ರಿಲ್‌ನಲ್ಲಿ, ಮೊದಲ ಮಳೆಗೆ ಮುಂಚೆ, ಹತ್ತು ನಿಮಿಷ ಕೈ ಹಾಕಿ ತೆಗೆದರೆ ಮುಗಿಯಿತು. ಅದೇ ನೀರು ಫಿಲ್ಟರ್ ದಾಟಿ ನಮ್ಮ ಇಂಗುಬಾವಿಗೂ ಹೋಗುತ್ತದೆ.

ಸೋಲಾರ್ ಬೇಡ ಅಂತ ನಾನು ಹೇಳಲೇ ಇಲ್ಲ. ಮುಂದಿನ ವರ್ಷ ಹಾಕಿಸುವ ಮಾತು ನಡೆದಿದೆ. ಆದರೆ ಈಗ ಬೇಕಾಗಿರುವುದು ಮೊದಲು ಹೇಳಿದ್ದಕ್ಕಿಂತ ಸಣ್ಣ ಸಿಸ್ಟಂ, ಖರ್ಚೂ ಕಡಿಮೆ. ಹೊಸ ಎಸ್‌ಟಿಪಿ ಕೊಟೇಶನ್ ಫೈಲಿನಲ್ಲೇ ಉಳಿಯಿತು.

ರಾತ್ರಿಯ ಅಳತೆಯನ್ನು ಈಗ ತಿಂಗಳಿಗೊಮ್ಮೆ ಮಾಡುತ್ತೇವೆ. ಅಣ್ಣ ಒಬ್ಬರೇ ಮಾಡುತ್ತಾರೆ, ಸೆಕ್ಯುರಿಟಿ ಹುಡುಗನೊಬ್ಬ ಟಾರ್ಚ್ ಹಿಡಿಯುತ್ತಾನೆ. ಕಳೆದ ಶನಿವಾರ ಬೆಳಗ್ಗೆ ನಾನು ಬರುವ ಮೊದಲೇ ಪುಸ್ತಕ ತೆರೆದಿಟ್ಟುಕೊಂಡು ಕಾಯುತ್ತಿದ್ದರು. "ಸಿ ಬ್ಲಾಕು ಒಂದೂವರೆ ಇಂಚು ಇಳಿದಿದೆ ಸಾರ್. ಹೋದ ತಿಂಗಳು ಅರ್ಧ ಇತ್ತು." ಬಣ್ಣದ ಪುಡಿಯ ಪೊಟ್ಟಣ ಆಗಲೇ ಅವರ ಅಂಗಿ ಜೇಬಿನಲ್ಲಿತ್ತು.