ಸೊಂಟನೋವು: ನೋವಿನ ತುದಿ ಯಾವ ಕಡೆ ಸರಿಯುತ್ತದೆ?

ಸೊಂಟ ಹಿಡಿದುಕೊಂಡು ಬಂದವರು ಮೊದಲು ಮುಂದಿಡುವುದು ಎಂಆರ್‌ಐ ಫಿಲ್ಮ್. ನಾನು ಅದನ್ನು ಕೊನೆಗೆ ನೋಡುತ್ತೇನೆ. ಐವತ್ತು ದಾಟಿದವರಲ್ಲಿ, ಒಂದು ದಿನವೂ ಸೊಂಟ ನೋಯದವರನ್ನು ಸ್ಕ್ಯಾನ್ ಮಾಡಿದರೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿರುತ್ತದೆ.

ಮೊದಲು ಕೇಳುವುದು ಬೇರೆಯೇ. ಮೂತ್ರ ಕಟ್ಟಿದೆಯೇ? ತೊಡೆಸಂದು, ಗುದದ ಸುತ್ತ ಜೋಮು ಹಿಡಿದಿದೆಯೇ? ಪಾದ ಎತ್ತಲಾಗದೆ ಚಪ್ಪಲಿ ಕಳಚುತ್ತಿದೆಯೇ? ಹೌದಾದರೆ ಅದೇ ದಿನ ಆಸ್ಪತ್ರೆ. ಸಂಜೆ ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ರಾತ್ರಿನೋವು ಇದ್ದರೆ ಬೆನ್ನುಮೂಳೆಯ ಕ್ಷಯವೋ ಗೆಡ್ಡೆಯೋ ಅಲ್ಲವೆಂದು ಖಾತ್ರಿಯಾಗುವ ತನಕ ವ್ಯಾಯಾಮದ ಮಾತಿಲ್ಲ.

ಇವೇನೂ ಇಲ್ಲದಿದ್ದರೆ ನೋವು ಎಲ್ಲಿಯವರೆಗೆ ಇಳಿದಿದೆಯೋ ಅಲ್ಲಿ ಬೆರಳಿಡಲು ಹೇಳುತ್ತೇನೆ: ಪಿರ್ರೆಯೋ, ತೊಡೆಯೋ, ಮೀನಖಂಡವೋ. ನಿಂತು ಹತ್ತು ಸಲ ಮುಂದಕ್ಕೆ ಬಾಗಿಸಿ, ಹತ್ತು ಸಲ ಹಿಂದಕ್ಕೆ ಬಾಗಿಸಿ, ಪ್ರತಿ ಬಾರಿಯೂ ಬೆರಳು ಎಲ್ಲಿಗೆ ಬಂತು ಎಂದು ನೋಡುವುದು. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಹಾಕಿಕೊಟ್ಟ ದಾರಿ ಇದು. ನೋವು ಮೀನಖಂಡದಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಏರಿದರೆ ಆ ದಿಕ್ಕೇ ಔಷಧ. ಕೆಳಕ್ಕಿಳಿದು ಅಲ್ಲೇ ಕೂತರೆ ಆ ಚಲನೆ ಸದ್ಯಕ್ಕೆ ಬೇಡ. "ಕಾಲು ಹಗುರಾಯ್ತು, ಆದ್ರೆ ಸೊಂಟ ಜಾಸ್ತಿ ಆಯ್ತಲ್ಲ ಸಾರ್" ಎಂದು ಎಷ್ಟೋ ಜನ ಇಲ್ಲೇ ಕೈಬಿಡುತ್ತಾರೆ. ಅದು ಸುಧಾರಣೆಯ ಲಕ್ಷಣ.

ಹೆಚ್ಚಿನವರಿಗೆ ಒಗ್ಗುವುದು ಹಿಂದಕ್ಕೆ ಬಾಗುವುದು. ನೆಲದ ಮೇಲೆ ಚಾಪೆ ಹಾಸಿ ಬೋರಲು ಮಲಗಿ, ಎರಡು-ಮೂರು ನಿಮಿಷ. ಆಮೇಲೆ ಮೊಣಕೈ ಊರಿ ಅಷ್ಟೇ ಹೊತ್ತು. ನಂತರ ಅಂಗೈ ಊರಿ ಎದೆಯನ್ನು ಮೇಲೆತ್ತಿ ಇಳಿಸುವುದು, ಹತ್ತು ಸಲ. ಎಚ್ಚರವಿರುವಾಗ ಎರಡು-ಮೂರು ಗಂಟೆಗೊಮ್ಮೆ. ಭುಜಂಗಾಸನವೇ ಅಲ್ಲವೇ ಎನ್ನಬಹುದು. ಅಲ್ಲ. ಅಲ್ಲಿ ಬೆನ್ನಿನ ಸ್ನಾಯು ದುಡಿಯುತ್ತದೆ, ಇಲ್ಲಿ ತೋಳು ಮಾತ್ರ. ಸೊಂಟ ಒದ್ದೆ ಬಟ್ಟೆಯಂತೆ ಜೋತಿರಬೇಕು. ಪಿರ್ರೆ ಬಿಗಿದರೆ, ಕಿಬ್ಬೊಟ್ಟೆ ನೆಲ ಬಿಟ್ಟು ಮೇಲೆದ್ದರೆ ಲಾಭವಿಲ್ಲ. ಕುಸಿಯುವ ಹಾಸಿಗೆಯ ಮೇಲೆ ಮಾಡಿದರೂ ಅಷ್ಟೇ.

ವಯಸ್ಸಾದವರ ಲೆಕ್ಕ ಬೇರೆ. ನಡೆದರೆ ಕಾಲು ಸೋಲುತ್ತದೆ, ಕೂತರೆ ಅಥವಾ ಮುಂದೆ ಬಾಗಿದರೆ ಹಾಯೆನಿಸುತ್ತದೆ ಎನ್ನುವವರಿಗೆ ನರದ ಹಾದಿ ಕಿರಿದಾಗಿರುವ ಸಾಧ್ಯತೆ ಹೆಚ್ಚು. ಹಿಂದಕ್ಕೆ ಬಾಗಿಸಿದರೆ ಅವರಿಗೆ ನೋವು ಕೆರಳುತ್ತದೆ. ಅಂಗಾತ ಮಲಗಿ ಮಂಡಿಯನ್ನು ಎದೆಗೆ ತರುವುದೇ ಸರಿ.

ಹಾಸಿಗೆ ಹಿಡಿದು ಮಲಗುವುದು ಒಂದೆರಡು ದಿನಕ್ಕಿಂತ ಹೆಚ್ಚು ಬೇಡ. ಬೆಲ್ಟ್ ಬಸ್ ಪ್ರಯಾಣಕ್ಕೆ ಸಾಕು. ನಿಜವಾಗಿ ಕೆಲಸ ಕೆಡಿಸುವುದು ಬೆಳಗಿನ ಹೊತ್ತು. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಊದಿರುತ್ತದೆ. ಎದ್ದ ಕೂಡಲೇ ಬಾಗಿದರೆ ಅದರ ಮೇಲೆ ಒತ್ತಡ ಜಾಸ್ತಿ. ಎದ್ದವರೇ ಅಂಗಳ ಗುಡಿಸಿ, ಸೊಂಟ ಬಗ್ಗಿಸಿ ರಂಗೋಲಿ ಬಿಟ್ಟರೆ ಹಿಂದಿನ ದಿನದ ವ್ಯಾಯಾಮವೆಲ್ಲ ನೀರಿಗೆ. ಒಂದು ಗಂಟೆ ತಡೆಯಿರಿ, ಇಲ್ಲವೇ ಮನೆಯ ಗಂಡಸರ ಕೈಗೆ ಪೊರಕೆ ಕೊಡಿ.

ಕಾಲಿನ ನೋವು ಪೂರ್ತಿ ಹೋಗಿ ನಾಲ್ಕೈದು ದಿನ ಮರಳದಿದ್ದರೆ ಮುಂದಕ್ಕೆ ಬಾಗುವುದನ್ನು ಮತ್ತೆ ಕಲಿಸಬೇಕು. ಇಲ್ಲದಿದ್ದರೆ ಸೊಂಟ ಬಿಗಿದೇ ಉಳಿಯುತ್ತದೆ. ಮಧ್ಯಾಹ್ನದ ಮೇಲೆ ಅಂಗಾತ ಮಲಗಿ ಮಂಡಿ ಎದೆಗೆ, ಐದಾರು ಸಲ. ಅದರ ಬೆನ್ನಿಗೇ ಬೋರಲು ಮಲಗಿ ಅಂಗೈ ಊರಿ ಹತ್ತು ಸಲ.