ಭಾವಚಿತ್ರಕ್ಕೆ ಆಳ: ವ್ಯಕ್ತಿಯನ್ನು ಗೋಡೆಯಿಂದ ದೂರ ನಿಲ್ಲಿಸಿ

ಭಾವಚಿತ್ರಗಳು ಚಪ್ಪಟೆಯಾಗಿ ಬರುತ್ತಿವೆ ಎನ್ನುವ ನಮ್ಮ ಛಾಯಾಗ್ರಹಣ ಬಳಗದ ಸದಸ್ಯರು, ಹೊಸ ಲೆನ್ಸ್ ಕೊಳ್ಳುವ ಮೊದಲು, ವ್ಯಕ್ತಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸುವುದನ್ನು ಬಿಟ್ಟು ಹಿನ್ನೆಲೆಯಿಂದ ಕನಿಷ್ಠ 3 ಮೀಟರ್ ಮುಂದಕ್ಕೆ ಕರೆತರಬೇಕೆಂದು ಕೋರುತ್ತೇನೆ. 50 ಮಿ.ಮೀ. ಲೆನ್ಸ್‌ನಲ್ಲಿ ಅಪರ್ಚರನ್ನು (ಬೆಳಕು ಒಳಬರುವ ರಂಧ್ರವನ್ನು) ಎಫ್/2ರ ಆಸುಪಾಸಿನಲ್ಲಿ, ಅಂದರೆ ಅಗಲವಾಗಿ ತೆರೆದಿಟ್ಟು, ಸುಮಾರು 1.5 ಮೀಟರ್ ದೂರದಿಂದ ತೆಗೆದರೆ ಹಿಂದಿನ ಗೋಡೆಯೋ ಗಿಡಮರಗಳೋ ಮಸುಕಾಗಿ ಮುಖವು ಮುಂದೆ ಬಂದಂತೆ ಕಾಣುತ್ತದೆ. ಫೋಕಸ್ ಮಾತ್ರ ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣಿನ ಮೇಲೆಯೇ ಇರಲಿ.

ಹಿನ್ನೆಲೆಯ ಮಸುಕಿಗಿಂತಲೂ ಬೆಳಕಿನ ಪಾತ್ರ ಹಿರಿದೆಂಬುದು ನನ್ನ ಅಭಿಪ್ರಾಯ. ಕಿಟಕಿಯ ಬೆಳಕು ಒಂದು ಪಕ್ಕದಿಂದ, ಹೆಚ್ಚುಕಡಿಮೆ 45 ಡಿಗ್ರಿ ಕೋನದಲ್ಲಿ ಬಿದ್ದಾಗ ಮೂಗು, ಕೆನ್ನೆ, ಗಲ್ಲಗಳ ನೆರಳು ಮುಖದ ಉಬ್ಬುತಗ್ಗುಗಳನ್ನು ಎತ್ತಿ ತೋರಿಸುತ್ತದೆ. ಕ್ಯಾಮೆರಾದ ಮೇಲಿನ ಫ್ಲ್ಯಾಶ್‌ನ ನೇರ ಬೆಳಕು ಅದನ್ನೆಲ್ಲ ಅಳಿಸಿಹಾಕುತ್ತದೆ. ಕಪ್ಪು ಕೂದಲು ಗಾಢ ಹಿನ್ನೆಲೆಯಲ್ಲಿ ಕರಗಿಹೋಗದಂತೆ, ಹಿಂದಿನಿಂದಲೂ ತುಸು ಬೆಳಕು ಬೀಳುವ ಜಾಗವನ್ನು ಆರಿಸಿಕೊಳ್ಳಿ.